ಪರದೆಯ ಹಿಂದಿನ ಪಾಂಡುರಂಗ

ಏಯ್! ಆಚೆ ಕಡೆ ಚಹಾದ ಗಾಡಿ ಹತ್ತಿರ ನಿಂತವರೇ! ಹೌದು, ನಿಮ್ಮನ್ನೇ! ನಡುವಿನ ಆ ಟ್ರಕ್ಕುಗಳು ಹೋಗಲಿ, ರಸ್ತೆ ದಾಟುವ ಅವಸರ ಬೇಡ. ಅಲ್ಲೇ ನಿಂತು ಫೋನು ಕಿವಿಗೆ ಹಚ್ಚಿಕೊಳ್ಳಿ. ಚಹಾ ಆರಿದರೆ ಆರಲಿ, ಇನ್ನೊಂದು ಹೇಳಿದರಾಯಿತು. ನಮ್ಮ ಭೋಸರಿಯ ನೀಲಿಮಾ ಡಾಕ್ಟರು ಹೋದ ವರ್ಷ ಪಂಢರಪುರದ ವಾರಿಯ ಪಲ್ಲಕ್ಕಿ, ನಮ್ಮ ಪಾಲಖಿ, ಸಾಸವಡಕ್ಕೆ ಹೋದ ದಿವಸ ದವಾಖಾನೆ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತು. ಯಾಕೆ ಓಡಿದಳು ಅನ್ನುವುದು ಗೊತ್ತೇ? ಇಲ್ಲವಲ್ಲ! ಕೇಳಿ ಹಾಗಾದರೆ.

ನೀಲಿಮಾ ತಿಗಡಿ ಹುಟ್ಟಿ ಬೆಳೆದದ್ದು ಪುಣೆಯ ಖಡಕಿ ಕ್ವಾರ್ಟರ್ಸಿನಲ್ಲಿ. ಅಪ್ಪ ಬೈಲಹೊಂಗಲದ ಕಡೆಯಿಂದ ಬಂದು ಮದ್ದುಗುಂಡಿನ ಕಾರ್ಖಾನೆ ಸೇರಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಡಾಕ್ಟರಿಕೆ ಓದಿ ಮುಗಿಸಿದ ಮೇಲೆ ಜೊತೆಯವರೆಲ್ಲ ಗಾಜಿನ ಬಾಗಿಲಿನ ಆಸ್ಪತ್ರೆ ಹಿಡಿದರು. ಇವಳು ಭೋಸರಿಯ ಕಾರ್ಖಾನೆಗಳ ಬೆನ್ನಿಗೆ ಒಂದು ಶಟರಿನ ಖೋಲಿ ಹಿಡಿದಳು. ಲೇತ್ ಮಶೀನಿನಲ್ಲಿ ಬೆರಳು ಜಜ್ಜಿಕೊಂಡವರು, ವೆಲ್ಡಿಂಗ್ ಕಿಡಿಗೆ ಕಣ್ಣು ಕೆಂಪಾದವರು, ಮೂಗು ಸುರಿಸುವ ಮಕ್ಕಳು, ಅವರನ್ನು ಸೊಂಟಕ್ಕೆ ಏರಿಸಿಕೊಂಡ ಬಾಣಂತಿಯರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು.

ಆ ಖೋಲಿಯಲ್ಲಿ ಮೊದಲು ಒಬ್ಬ ಟೇಲರ ಇದ್ದ. ಹೋಗುವಾಗ ಎರಡು ವಸ್ತು ಬಿಟ್ಟುಹೋದ. ಒಂದು, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಮೂಲೆಗೆ ಕಟ್ಟಿದ ನೀಲಿ ಪರದೆ. ಇನ್ನೊಂದು, ಆ ಪರದೆಯ ಹಿಂದೆ ಗೋಡೆಗೆ ಹೊಡೆದ ಪಾಂಡುರಂಗನ ಪಟ. ನೀಲಿಮಾ ಅವೆರಡನ್ನೂ ತೆಗೆಯಲಿಲ್ಲ. ಭಕ್ತಿಯೇನೂ ಇರಲಿಲ್ಲ, ಪುರಸೊತ್ತು ಇರಲಿಲ್ಲ, ಅಷ್ಟೇ. ಖೋಲಿಯಲ್ಲಿ ನೆಟ್ಟಗೆ ಕೆಲಸ ಮಾಡುವ ಪ್ಲಗ್ಗು ಇದ್ದದ್ದೂ ಅದೇ ಮೂಲೆಯಲ್ಲಿ. ಹಾಗಾಗಿ ಫೋನು ಚಾರ್ಜಿಗೆ ಕೂರುತ್ತಿದ್ದದ್ದು ವಿಠ್ಠಲನ ಪಾದದ ಕೆಳಗೆ.

ಇನ್ನು ಆ ಫೋನಿನ ವಿಷಯ. ತಿಂಗಳಿಗೊಂದು ಹೊಸ ಔಷಧ ಬರುವ ಕಾಲ, ಒಂದು ತಲೆ ಎಷ್ಟೆಂದು ಹಿಡಿದೀತು? ಮೊದಲು ನೀಲಿಮಾ ಇಟ್ಟಂಗಿಯಂಥ ಪುಸ್ತಕ ಇಟ್ಟುಕೊಂಡಿದ್ದಳು. ಆಮೇಲೆ ಡಾಕ್ಟರುಗಳಿಗೆಂದೇ ಮಾಡಿದ ಒಂದು ಆ್ಯಪ್ ಹಾಕಿಕೊಂಡಳು. ಕೂಸಿನ ತೂಕ ಹಾಕಿದರೆ ಎಷ್ಟು ಔಷಧ ಕೊಡಬೇಕೆಂದು ಹೇಳುತ್ತದೆ. ಎರಡು ಮಾತ್ರೆಗಳ ಹೆಸರು ಹಾಕಿದರೆ ಅವು ಹೊಟ್ಟೆಯೊಳಗೆ ಹೋಗಿ ಕೂಡಿ ಬಾಳುತ್ತವೋ ಕಚ್ಚಾಡುತ್ತವೋ ತೋರಿಸುತ್ತದೆ. ಬಾಳುವುದಾದರೆ ಹಸಿರು, ಕಚ್ಚಾಡುವುದಾದರೆ ಕೆಂಪು. ಅದನ್ನು ಮಾಡಿದವರು ಯಾವ ಊರಿನವರೋ, ಅವರ ಹೊಟ್ಟೆ ತಣ್ಣಗಿರಲಿ ಎಂದು ನೀಲಿಮಾ ಎಷ್ಟೋ ಸಲ ಮನಸ್ಸಿನಲ್ಲೇ ಹರಸಿದ್ದಳು.

ಆದರೆ ಒಂದು ದಿವಸ ನಟ್ಟು-ಬೋಲ್ಟಿನ ಅಂಗಡಿಯ ಬಿಂದುಮಾಧವರಾಯರು ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದು ಕೂತಿದ್ದರು. ಧಾರವಾಡದ ನಾಲಿಗೆ, ಕೇಳಬೇಕೇ? ನೀಲಿಮಾ ಫೋನು ನೋಡಿದ್ದೇ ತಡ, ಹೊರಗಿನ ಬಾಕಿನವರೆಗೆ ಕೇಳಿಸುವಂತೆ ಅಂದರು:

"ಏನ್ರಿ ಡಾಕ್ಟರ, ಮೊಬೈಲ್ ನೋಡಿ ಔಷಧ ಬರಿಯೂದಾದ್ರ ನನ್ನ ಮಗನೂ ಬರೀತಾನಲ್ರಿ! ಅವನೂ ದಿನಾ ಅದನ್ನ ಹಿಡಕೊಂಡ ಕುಂತಿರತಾನ!"

ಬಾಕಿನ ತುಂಬ ನಗೆ. ಮರುದಿನದಿಂದ ನೀಲಿಮಾ ಫೋನನ್ನು ಮೇಜಿನ ಮೇಲೆ ಇಡಲಿಲ್ಲ. ಸಂಶಯ ಬಂದಾಗಲೆಲ್ಲ "ಒಂದ ನಿಮಿಷ ರೀ" ಎಂದು ಎದ್ದು, ಪರದೆಯ ಹಿಂದೆ ಹೋಗಿ, ನೋಡಿ ಬಂದು ಬರೆಯತೊಡಗಿದಳು.

ಮಂದಿ ಸುಮ್ಮನಿರುತ್ತಾರೆಯೇ? "ಡಾಕ್ಟರ್ ಬಾಯಿ ಪರದೆ ಒಳಗ ಹೋಗಿ ಏನ್ ಮಾಡ್ತಾರ?" ಎಂದು ಕಂಪೌಂಡರ್ ಬಾಳೂನನ್ನು ಕೇಳಿದರು. ಬಾಳು ಜತ್ತ ಕಡೆಯವನು, ನೀಲಿಮಾಗಿಂತ ಹಿರಿಯ, ಮುಖ ಬಿಗಿಹಿಡಿದು ಚೇಷ್ಟೆ ಮಾಡುವ ಜಾತಿ. "ಒಳಗ ಪಾಂಡುರಂಗ ಇದ್ದಾನ" ಎಂದುಬಿಟ್ಟ. ಸುಳ್ಳಂತೂ ಅಲ್ಲವಲ್ಲ!

ಅಷ್ಟೇ ಸಾಕಾಯಿತು. ನೀಲಿಮಾ ಡಾಕ್ಟರು ದೇವರನ್ನು ಕೇಳದೆ ಔಷಧ ಬರೆಯುವುದಿಲ್ಲ ಎಂಬ ಸುದ್ದಿ ದಿಘಿಯವರೆಗೆ ಹೋಯಿತು. ಜನ ಹೆಚ್ಚಾದರು. ಯಾರಾದರೂ ಪರದೆಯ ಕಡೆ ತಿರುಗಿ ಕೈ ಮುಗಿದರೆ ನೀಲಿಮಾ ನಾಚಿ ಬೇರೆ ಕಡೆ ನೋಡುತ್ತಿದ್ದಳು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೇ ವರ್ಷಗಳು ಹೋದವು.

ಈಗ ರಂಗೂಬಾಯಿ ಬರುತ್ತಾಳೆ, ದಾರಿ ಬಿಡಿ.

ರಂಗೂಬಾಯಿ ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಒಂದು ದಿಂಡಿಯ ಅಡಿಗೆಯವಳು. ನೂರಾರು ವಾರಕರಿಗಳು ಒಟ್ಟಾಗಿ ಹಾಡುತ್ತ ನಡೆಯುವ ಗುಂಪಿಗೆ ದಿಂಡಿ ಅನ್ನುತ್ತಾರೆ. ಅವರು ನಡೆದರೆ, ಇವಳು ಹಂಡೆ ಪಾತ್ರೆಗಳ ಟೆಂಪೋ ಏರಿ ಮುಂದಿನ ಊರಿಗೆ ಹೋಗಿ ಒಲೆ ಹೂಡುತ್ತಾಳೆ. ಎದೆಯಲ್ಲಿ ಲೋಹದ ಕವಾಟ ಕೂರಿಸಿ ಹಲವು ವರ್ಷವಾಗಿತ್ತು. ಅದು ಟಿಕ್ ಟಿಕ್ ಎನ್ನುವುದು ಪಕ್ಕ ಕೂತವರಿಗೂ ಕೇಳಿಸುತ್ತಿತ್ತು. "ಎದಿಯಾಗ ಗಡಿಯಾರ ಇಟ್ಟಾರವ್ವ, ಕಿಲ್ಲಿ ಕೊಡೂ ಕೆಲಸ ಡಾಕ್ಟರ್ ಬಾಯೀದು" ಅನ್ನುತ್ತಿದ್ದಳು. ಆ ಕಿಲ್ಲಿ ಅಂದರೆ ರಕ್ತ ಹೆಪ್ಪುಗಟ್ಟದಂತೆ ತೆಳ್ಳಗೆ ಇಡುವ ದಿನದ ಮಾತ್ರೆ. ತಪ್ಪಿಸುವ ಹಾಗಿಲ್ಲ, ಹೆಚ್ಚಾಗುವ ಹಾಗೂ ಇಲ್ಲ. ಹೆಚ್ಚಾದರೆ ಮೈಯೊಳಗೆ ಎಲ್ಲೋ ರಕ್ತ ಸೋರಲು ಶುರುವಾದರೆ ನಿಲ್ಲುವುದೇ ಇಲ್ಲ.

ಪಾಲಖಿ ಪುಣೆಯಲ್ಲಿ ತಂಗಿದ್ದ ಎರಡನೆಯ ದಿವಸ, ಸಂಜೆ, ಅವಳು ಭೋಸರಿಯಲ್ಲಿರುವ ಮಗನನ್ನು ನೋಡಲು ಬಂದವಳು ದವಾಖಾನೆಗೂ ಬಂದಳು. ದಿನವಿಡೀ ನೀರಿನಲ್ಲಿ ನಿಂತು ಪಾತ್ರೆ ತೊಳೆದು ಕಾಲ್ಬೆರಳ ಸಂದಿಯೆಲ್ಲ ಕೊಳೆತು ಬಿರಿದಿತ್ತು.

"ಮಾವ್ಶಿ, ಇಷ್ಟ ಆಗೂ ಮಟಾ ಸುಮ್ಮನ ಇದ್ರ್ಯಾ?"

"ನೂರಾ ಎಂಟ ಮಂದಿ ಉಂಡ ಗಂಗಾಳ, ತೊಳಿಯೂದ ಯಾರು, ನಿಮ್ಮ ಬಾಳೂನ?"

"ನಾ ಯಾಕ ತೊಳೀಲಿ? ನೀವು ಉಣ್ಣಾಕ ಕರದೀರೇನು?" ಎಂದ ಬಾಳು ಬಾಗಿಲಿನಿಂದ.

ಫಂಗಸ್ಸು ಆಳಕ್ಕೆ ಇಳಿದಿತ್ತು. ಮುಲಾಮು ಸಾಲದು, ಒಂದು ವಾರ ಮಾತ್ರೆ ಕೊಡೋಣ ಎನಿಸಿತು ನೀಲಿಮಾಗೆ. ಈ ಹೆಂಗಸು ರಕ್ತದ ಮಾತ್ರೆ ತಗೊಳ್ಳುವವಳು, ಯಾವುದಕ್ಕೂ ನೋಡಬೇಕು ಎಂದು ಅಭ್ಯಾಸದಂತೆ ಎದ್ದಳು. ರಂಗೂಬಾಯಿ ಅವಳ ಸೆರಗು ಹಿಡಿದು ಕೂರಿಸಿದಳು.

"ಕೂಡ್ರವ್ವ ತಾಯಿ! ಆಮ್ಯಾಲೆ ನನ್ನ ಬಸ್ ತಪ್ಪತದ. ನನ್ನ ಸಲುವಾಗಿ ಅವನ ಮುಂದ ಹೋಗಿ ಯಾಕ ಕೇಳ್ತೀರಿ? ನಾನ ಅವನ ಕಡೆ ಹೊಂಟೀನಿ. ಏನರೆ ಹೆಚ್ಚು ಕಮ್ಮಿ ಆದ್ರ ಎದರಾ ಎದರ ಕೇಳ್ತೀನಿ. ಬರೀರಿ!"

ಹೊರಗೆ ಬಾಕು ತುಂಬಿತ್ತು. ಬಾಗಿಲಲ್ಲಿದ್ದವರು ನಕ್ಕರು. ಆಗ ನೀಲಿಮಾ ಏನು ಹೇಳಬೇಕಿತ್ತು? "ಮಾವ್ಶಿ, ಅಲ್ಲಿ ದೇವರಲ್ಲ, ನನ್ನ ಫೋನು ಅದ" ಅನ್ನಬೇಕಿತ್ತು. ಅನ್ನಲಿಲ್ಲ. ನೆನಪಿನ ಮೇಲೆ ಭಾರ ಹಾಕಿ, ಕೂತಲ್ಲೇ ಬರೆದಳು. "ರಾತ್ರಿ ಊಟ ಆದ ಮ್ಯಾಲೆ ಒಂದೊಂದು" ಎಂದಳು. ಬಾಳು ಮಾತ್ರೆ ಕೊಟ್ಟ. ರಂಗೂಬಾಯಿ ಎಲ್ಲರಿಗೂ ಕೈ ಮುಗಿದು ಹೋದಳು.

ಮರುದಿನ ಬೆಳಿಗ್ಗೆ ಪಾಲಖಿ ಪುಣೆ ಬಿಟ್ಟಿತು. ಮಧ್ಯಾಹ್ನ ಆಗುತ್ತ ಬಂದಿತ್ತು. ಎರಕದ ಕಾರ್ಖಾನೆಯ ಹುಡುಗನೊಬ್ಬ ತೊಡೆಯ ಸಂದಿ ಕೆರೆದುಕೊಳ್ಳುತ್ತ ಬಂದ. ಅವನಿಗೂ ಅದೇ ಮಾತ್ರೆ ಕೊಡುವುದಿತ್ತು. ಅವನು ಫಿಟ್ಸಿನ ಔಷಧ ತಗೊಳ್ಳುವವನಾದ್ದರಿಂದ ನೀಲಿಮಾ ಪರದೆಯ ಹಿಂದೆ ಹೋಗಿ ಆ್ಯಪ್ ತೆರೆದಳು. ಮಾತ್ರೆಯ ಹೆಸರು ಹಾಕಿದಳು. ಅದು ಯಾವಯಾವುದರ ಜೊತೆ ಕೂಡುವುದಿಲ್ಲ ಎಂದು ಒಂದು ಸಾಲು ಬಿಚ್ಚಿಕೊಂಡಿತು. ಎಲ್ಲಕ್ಕಿಂತ ಮೇಲೆ, ಕೆಂಪಗೆ, ರಂಗೂಬಾಯಿಯ ರಕ್ತದ ಮಾತ್ರೆಯ ಹೆಸರು.

ನೀಲಿಮಾ ಆ ಹೆಸರನ್ನು ಇನ್ನೊಮ್ಮೆ ಓದಿದಳು. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದರೆ ರಕ್ತದ ಒಂದು ಮಾತ್ರೆ ಎರಡು ಮೂರು ಮಾತ್ರೆಯ ಕೆಲಸ ಮಾಡುತ್ತದೆ. ಅಡಿಗೆಯವಳು, ಈಳಿಗೆಮಣೆಯ ಮುಂದೆ ಕೂರುವವಳು. ಬೆರಳು ಕೊಯ್ದುಕೊಂಡರೆ? ಟೆಂಪೋದಿಂದ ಇಳಿಯುವಾಗ ತಲೆಗೆ ಬಡಿದರೆ? ನಿನ್ನೆ ರಾತ್ರಿ ಒಂದು ನುಂಗಿಯೇ ಇರುತ್ತಾಳೆ. ಇವತ್ತು ರಾತ್ರಿ ಇನ್ನೊಂದು.

ಹುಡುಗನಿಗೆ ಸದ್ಯಕ್ಕೆ ಮುಲಾಮು ಕೊಟ್ಟು, ರಂಗೂಬಾಯಿಯ ಮಗ ಲೋಕನಾಥನಿಗೆ ಫೋನು ಹಚ್ಚಿದಳು. ಅವನ ಹಿಂದೆ ಮಶೀನಿನ ಗದ್ದಲ.

"ಅವ್ವ ಫೋನ್ ಮನ್ಯಾಗ ಇಟ್ಟ ಹೋಗ್ಯಾಳ್ರಿ. ವಾರಿಯಾಗ ಅಕಿಗೆ ನಾನೂ ಬ್ಯಾಡ, ಫೋನೂ ಬ್ಯಾಡ."

"ದಿಂಡಿಯವರ ನಂಬರ್ ಅದ ಏನಪಾ?"

"ಮುಂಜಾನಿಂದ ಹಚ್ಚಾಕತ್ತೀನ್ರಿ, ಹತ್ತವಲ್ಲದು. ಅಷ್ಟ ಮಂದಿ ಕೂಡಿದ್ರ ಟವರ್ ಆದ್ರೂ ಏನ್ ಮಾಡೀತು? ಆದ್ರ ದಿಂಡಿ ನಂಬರ್ ಹೇಳ್ತೀನಿ ತಗೋರಿ. ರಥದ ಹಿಂದಿಂದು."

ಇದೊಂದು ದೊಡ್ಡ ಉಪಕಾರ, ನೋಡಿ. ಪಾಲಖಿಯ ರಥದ ಮುಂದೆ ಇಂತಿಷ್ಟನೆಯದು, ಹಿಂದೆ ಇಂತಿಷ್ಟನೆಯದು ಎಂದು ದಿಂಡಿಗಳಿಗೆ ನಂಬರು ಇರುತ್ತದೆ. ಲಕ್ಷ ಮಂದಿಯ ನಡುವೆ ಅದು ಮನೆಯ ವಿಳಾಸಕ್ಕಿಂತ ಗಟ್ಟಿ.

"ಬಾಳಣ್ಣ, ಸ್ಕೂಟರ್ ತಗೀರಿ."

"ಎಲ್ಲಿಗ್ರಿ?"

"ಸಾಸವಡ."

"ಸಾಸವಡ?! ಮ್ಯಾಡಮ್ಮಾರ, ಹೊರಗ ಇಪ್ಪತ್ತ ಮಂದಿ ಕುಂತಾರ. ದಿವೇ ಘಾಟ ಬಂದ್ ಅದ ಇವತ್ತ."

"ಬೋಪದೇವ ಘಾಟದ ಮ್ಯಾಲೆ ಹೋಗೂಣು."

ಬಾಕಿನವರಿಗೆ ಅವಳು ಹೇಳಿದ್ದು ಇಷ್ಟು: "ನಿನ್ನಿ ಒಬ್ಬರಿಗೆ ತಪ್ಪು ಔಷಧ ಕೊಟ್ಟೀನಿ. ಹೋಗಿ ಇಸಕೊಂಡ ಬರಬೇಕು." ಮಂದಿ ಬಾಯಿ ಬಿಟ್ಟು ನೋಡಿದರು. ಡಾಕ್ಟರೊಬ್ಬಳು ಇಂಥ ಮಾತನ್ನು ಬಾಯಿ ಬಿಟ್ಟು ಹೇಳಿದ್ದನ್ನು ಅವರು ಕೇಳಿರಲಿಲ್ಲ.

ಜಿಟಿಜಿಟಿ ಮಳೆ. ಪುಣೆಯನ್ನು ಸೀಳಿಕೊಂಡು ಕೊಂಢವಾ ದಾಟಿ ಸ್ಕೂಟರು ಘಾಟು ಏರಿತು. ಮೇಲೆ ಮುಟ್ಟಿದಾಗ ಬಾಳು ತಿರುಗಿ ನೋಡದೆಯೇ ಅಂದ:

"ತಪ್ಪು ನಂದ್ರಿ. ಪಾಂಡುರಂಗನ ಸುದ್ದಿ ಹಬ್ಬಿಸಿದಾಂವ ನಾನ. ಸುಮ್ನ ಮಜಾಕ್ಕ ಅಂದಿದ್ದೆ."

"ಹಬ್ಬಿಸಿದ್ದು ನೀವು ಖರೆ. ಅದನ್ನ ಸಾಕಿದ್ದು ನಾನು. ಮುಂದ ನೋಡಿ ಹೊಡೀರಿ, ತೆಗ್ಗದ."

ಸಾಸವಡದ ಹೊರಗಿನ ಬಯಲು ಟೆಂಪೋ, ಟ್ಯಾಂಕರು, ಡೇರೆಗಳಿಂದ ತುಂಬಿಹೋಗಿತ್ತು. ಯಾವ ಕಡೆ ನೋಡಿದರೂ ಅದೇ ಹಂಡೆ, ಅದೇ ಒಲೆ, ಅದೇ ಒಂಬತ್ತು ಗಜದ ಸೀರೆ. ನೀಲಿಮಾ ಫೋನು ತೆಗೆದಳು. ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಆಗ ಕೆಸರಿಗೆ ಇಳಿದು, ಮರಾಠಿಯಲ್ಲಿ ದಿಂಡಿಯ ನಂಬರು ಕೂಗುತ್ತ ನಡೆದಳು. ಡೇರೆಯ ಗೂಟ ಹೊಡೆಯುವವನೊಬ್ಬ "ಮಾವುಲಿ, ನೀರಿನ ಟಾಕಿಯ ಆಚೆ" ಎಂದ. ಅಲ್ಲಿದ್ದ ಅಜ್ಜಿ "ಮಾವುಲಿ, ಇಲ್ಲಲ್ಲ, ಬೇವಿನ ಮರದ ಹತ್ತಿರ" ಎಂದು ಕೈ ಹಿಡಿದು ಕೆಸರು ದಾಟಿಸಿದಳು. ಅಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುವುದು ಹಾಗೇ, ಮಾವುಲಿ, ಅಂದರೆ ತಾಯಿ. ಗೂಟದವನಿಗೂ ಡಾಕ್ಟರಿಗೂ ಅದೇ ಹೆಸರು.

ಬೇವಿನ ಮರದ ಹತ್ತಿರ, ಟೆಂಪೋದ ಮರೆಗೆ, ರಂಗೂಬಾಯಿ ಶೇಂಗಾ ಹುರಿಯುತ್ತ ಕೂತಿದ್ದಳು. ನೀಲಿಮಾ ಓಡಿ ಹೋಗಿ ಮೊದಲು ಅವಳ ಕೈ ಹಿಡಿದು ಉಗುರು ನೋಡಿದಳು, ಕಣ್ಣರೆಪ್ಪೆ ಎಳೆದು ನೋಡಿದಳು, "ಬಾಯಿ ತಗೀರಿ" ಎಂದು ವಸಡು ನೋಡಿದಳು.

"ಏನವ್ವ ಇದು! ಎತ್ತು ಕೊಳ್ಳಾಕ ಬಂದೀರೇನು, ಹಲ್ಲ ಎಣಸಾಕತ್ತೀರಲ್ಲ!"

"ಮಾವ್ಶಿ, ನಿನ್ನಿ ಕೊಟ್ಟ ಗುಳಿಗಿ ಎಷ್ಟ ತಗೊಂಡೀರಿ?"

"ಯಾಕ?"

"ಎಷ್ಟ ತಗೊಂಡೀರಿ ಹೇಳ್ರಿ ಮೊದಲ!"

"ಎಲ್ಲಿ ತಗೊಳ್ಳಿ ತಾಯಿ? ಊಟ ಆದ ಮ್ಯಾಲೆ ಅಂದ್ರಿ. ನಿನ್ನಿ ದಶಮಿ, ಒಪ್ಪತ್ತು. ಮಧ್ಯಾಹ್ನ ಉಂಡದ್ದ ಉಂಡದ್ದು. ಇವತ್ತ ಏಕಾದಶಿ. ಊಟಾನ ಇಲ್ಲ ಅಂದ ಮ್ಯಾಲೆ ಊಟ ಆದ ಮ್ಯಾಲಿನ ಗುಳಿಗಿ ಎಲ್ಲಿಂದ ಬರಬೇಕು?"

ಸೊಂಟದ ಸಂಚಿಯಿಂದ ಪೊಟ್ಟಣ ತೆಗೆದು ಮುಂದೆ ಹಿಡಿದಳು. ಬಾಳು ಕೊಟ್ಟ ಗಂಟು ಬಿಚ್ಚಿಯೇ ಇರಲಿಲ್ಲ.

ನೀಲಿಮಾ ಅಲ್ಲೇ, ಶೇಂಗಾದ ಚೀಲದ ಮೇಲೆ, ಧಪ್ಪನೆ ಕೂತಳು. ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ಮತ್ತ ರಕ್ತದ ಗುಳಿಗಿ?"

"ಅದನ್ನ ನುಂಗೀನ್ರಿ. ಅದಕ್ಕ ಒಪ್ಪತ್ತೂ ಇಲ್ಲ, ಏಕಾದಶೀನೂ ಇಲ್ಲ ಅಂತ ನೀವ ಹೇಳೀರಲ್ಲ." ರಂಗೂಬಾಯಿ ಅವಳ ಮುಖವನ್ನೇ ನೋಡಿದಳು. "ಯಾಕ ತಾಯಿ, ಏನಾತು? ದೇವರ ತಪ್ಪ ಹೇಳಿದ್ನ?"

"ದೇವರನ್ನ ನಾ ಎಂದೂ ಕೇಳೇ ಇಲ್ಲ, ಮಾವ್ಶಿ." ನೀಲಿಮಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಎಲ್ಲ ಹೇಳಿದಳು. ಟೇಲರನ ಪರದೆ, ಪ್ಲಗ್ಗು, ರಾಯರ ಕುಹಕ, ನಿನ್ನೆ ಸೆರಗು ಹಿಡಿದಾಗ ಬಾಯಿಗೆ ಬಂದೂ ಆಡದ ಮಾತು. ಆ್ಯಪಿಗೆ ಇಂಟರ್ನೆಟ್ಟು ಬೇಕಿರಲಿಲ್ಲ, ಎರಡೂ ಹೆಸರು ಹಾಕಿ ಕೆಂಪು ತೋರಿಸಿದಳು. "ಇದನ್ನ ನೋಡಾಕ ಹೋಗತಿದ್ದೆ. ನಿನ್ನಿ ನೋಡಲಿಲ್ಲ."

ಸುತ್ತಲಿನ ಹೆಂಗಸರು ಹತ್ತಿರ ಬಂದು ಬಗ್ಗಿದರು. ರಂಗೂಬಾಯಿ ಸ್ವಲ್ಪ ಹೊತ್ತು ಆ ಕೆಂಪನ್ನೇ ದಿಟ್ಟಿಸಿದಳು. ಆಮೇಲೆ ಇದ್ದಕ್ಕಿದ್ದಂತೆ, ಸೌಟು ಕೆಳಗೆ ಬೀಳುವಂತೆ ನಕ್ಕಳು.

"ಇಷ್ಟಕ್ಕ ಪರದೆ ಏನವ್ವ? ನನ್ನ ನೋಡ್ರಿ. ನೈವೇದ್ಯ ಆಗೂ ಮಟಾ ನಾವು ರುಚಿ ನೋಡೂ ಹಂಗಿಲ್ಲ. ಅದಕ್ಕ ಉಪ್ಪು ಹಾಕೂ ಮುಂದ ಏನ್ ಮಾಡ್ತೀನಿ ಹೇಳ್ರೆ!"

"ಒದರತಾಳ!" ಎಂದರು ಹೆಂಗಸರೆಲ್ಲ ಒಂದೇ ಸಲ.

"ಹೂಂ, ಒದರತೀನಿ. 'ಉಪ್ಪ ಹಾಕೀನ್ರೆ' ಅಂತ ಬಯಲಿಗೆಲ್ಲಾ ಕೇಳೂ ಹಂಗ. ಸುಮ್ನ ಹಾಕಿದ್ರ ಹಿಂದಿನಿಂದ ಈ ಪುಣ್ಯಾತ್ಮರು ಬಂದು ಮತ್ತೊಂದ ಮುಟಗಿ ಸುರೂತಾರ. ನಾ ಅಡಿಗಿ ಮರತೀನಿ ಅಂತ ಒದರೂದಿಲ್ಲವಾ. ನೂರ ಮಂದಿ ಉಣ್ಣತಾರ ಅಂತ ಒದರತೀನಿ."

"ಹೋದ ಸರ್ತಿ ಒದರಿದ್ರೂ ಸಾರು ಉಪ್ಪ ಆಗಿತ್ತಲ್ಲ ಅಕ್ಕಾ?" ಎಂದಳು ಒಬ್ಬಳು.

"ಅದ ನೀನ ಹಾಕಿದ್ದು, ಕಿವುಡಿ!"

ನೀಲಿಮಾ ಮಾತ್ರೆಗಳನ್ನು ಇಸಿದುಕೊಂಡು, ಚೀಲದಿಂದ ಮುಲಾಮಿನ ಟ್ಯೂಬು ಮತ್ತು ಪುಡಿ ಕೊಟ್ಟಳು. ಪಂಢರಪುರ ಮುಟ್ಟುವವರೆಗೆ ಪಾತ್ರೆ ತೊಳೆಯುವ ಕೆಲಸ ಬೇರೆಯವರದು ಎಂದು ಆ ಹೆಂಗಸರಿಂದ ಮಾತು ತಗೊಂಡಳು. ಬಾಳು ತಾನಾಗಿಯೇ ತೋಳು ಮಡಚಿ ಆವತ್ತಿನ ಹಂಡೆಗಳನ್ನು ತಿಕ್ಕಿಬಿಟ್ಟ. "ಉಣ್ಣಾಕ ಕರೀಲಿಲ್ಲ ಅಂದಿದ್ದೆಲ್ಲಪಾ, ತಗೋ" ಎಂದು ರಂಗೂಬಾಯಿ ಇಬ್ಬರಿಗೂ ಎಲೆಯ ತುಂಬ ಉಪವಾಸದ ಬಿಸಿ ಸಾಬೂದಾಣಿ ಖಿಚಡಿ ಬಡಿಸಿದಳು. ನೀಲಿಮಾ ಜೀವನದಲ್ಲಿ ಒಂದು ಏಕಾದಶಿಯನ್ನೂ ಮಾಡಿದವಳಲ್ಲ. ಆವತ್ತು ತನಗೆ ಗೊತ್ತೇ ಇಲ್ಲದೆ ಮಾಡಿದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದಿದ್ದು ಅದೊಂದೇ.

ಹೊರಡುವಾಗ ರಂಗೂಬಾಯಿ ಅವಳ ಹಣೆಗೆ ಬುಕ್ಕಾ, ವಿಠ್ಠಲನ ಆ ಕಪ್ಪು ಪುಡಿ, ಹಚ್ಚಿದಳು.

"ಮಗಾ ಸುದ್ದಾ ಇಷ್ಟ ದೂರ ಹುಡುಕ್ಕೊಂಡ ಬಂದಿಲ್ಲ ತಾಯಿ. ಗಡಿಯಾರ ನಡದೈತಿ, ಕೇಳ್ರಿ" ಎಂದು ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಟಿಕ್, ಟಿಕ್, ಟಿಕ್. ಸುತ್ತ ಅಷ್ಟು ತಾಳ ಮೃದಂಗ ಇದ್ದರೂ ನೀಲಿಮಾಗೆ ಅದೇ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಭೋಸರಿ ಮುಟ್ಟಿದರು. ಬಾಕಿನ ಮೇಲೆ ಇನ್ನೂ ನಾಲ್ಕಾರು ಮಂದಿ ಕಾದಿದ್ದರು. ಮೊದಲನೆಯವರು ಯಾರು ಅಂದುಕೊಂಡಿರಿ? ಬಿಂದುಮಾಧವರಾಯರು! ಮೊಣಕಾಲು ನೋವಂತೆ.

ನೀಲಿಮಾ ಚೀಲದಿಂದ ಫೋನು ತೆಗೆದು, ಮೇಜಿನ ನಡುವೆ, ಅವರ ಕಣ್ಣೆದುರಿಗೇ ಇಟ್ಟಳು. "ರಾಯರ, ನೋವಿಗೆ ಒಂದು ಗುಳಿಗಿ ಕೊಡಬೇಕಂತ ಮಾಡೀನಿ. ನಿಮ್ಮ ಸಕ್ಕರಿ ಗುಳಿಗಿ, ಬಿಪಿ ಗುಳಿಗಿ ಜೋಡಿ ಅದು ಹೊಂದತದೋ ಇಲ್ಲೋ ನೋಡಾಕತ್ತೀನಿ" ಎಂದು ಹೊರಗಿನ ಬಾಕಿನವರೆಗೆ ಕೇಳಿಸುವಂತೆ, ರಂಗೂಬಾಯಿಯ ಉಪ್ಪಿನ ದನಿಯಲ್ಲಿ ಹೇಳಿದಳು.

"ಅಯ್ಯ! ಮತ್ತ ಮೊಬೈಲ? ನನ್ನ ಮಗ—"

"ನಿಮ್ಮ ಮಗನೂ ಹೆಸರು ಒತ್ತತಾನ್ರಿ. ಯಾವ ಹೆಸರು ಒತ್ತಬೇಕು ಅನ್ನೂದಕ್ಕ ನಾ ಓದೀನಿ. ಬ್ಯಾರೆ ಏನರೆ ತಗೊಳ್ಳಾಕತ್ತೀರೇನು? ಖರೆ ಹೇಳ್ರಿ."

ರಾಯರು ಅತ್ತಿತ್ತ ನೋಡಿದರು. ಕೆಮ್ಮಿದರು. ಕೊನೆಗೆ ಕೋಟಿನ ಒಳಗಿಸೆಯಿಂದ ಮೆಡಿಕಲ್ ಅಂಗಡಿಯಲ್ಲಿ ತಾವೇ ಕೇಳಿ ತಂದ ನೋವಿನ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ಇದನ್ನೂ ಒಂಚೂರ ಹಾಕಿ ನೋಡ್ರಿ ಹಂಗಾದ್ರ."

ಹಾಕಿದರೆ, ಕೆಂಪು.

ಎಲ್ಲರೂ ರಾಯರ ಹಾಗಿರಲಿಲ್ಲ, ಮತ್ತೆ. ಒಬ್ಬ ಹೆಂಗಸು "ದೇವರನ್ನ ಕೇಳೂದ ಬಿಟ್ಟು ಮೊಬೈಲ್ ಕೇಳ್ತಾಳಂತ" ಎಂದು ಗೊಣಗಿ ಕೂಸನ್ನು ಎತ್ತಿಕೊಂಡು ಎದ್ದೇ ಹೋದಳು. ಬಾಳು ಹಿಂದೆಯೇ ಹೋಗಿ ರಮಿಸಿ ನೋಡಿದ, ಬರಲಿಲ್ಲ. ನೀಲಿಮಾಗೆ ಸ್ವಲ್ಪ ಕೆಡುಕೆನಿಸಿತು. ಉಳಿದವರನ್ನು ನೋಡಿ ಮುಗಿಸಿದಳು.

ಬಾಳು ಮನೆಗೆ ಹೋದ ಮೇಲೆ ಸ್ಟೂಲು ಹಾಕಿಕೊಂಡು ಪರದೆ ಬಿಚ್ಚಿದಳು. ಟೇಲರನ ಕಾಲದ ಧೂಳೆಲ್ಲ ಮೈಮೇಲೆ ಬಿತ್ತು. ಸೀನುತ್ತ ಅದನ್ನು ಮಡಚಿ ಮೂಲೆಗಿಟ್ಟಳು. ಪಾಂಡುರಂಗ ಮೊದಲ ಸಲ ಟ್ಯೂಬ್‌ಲೈಟಿನ ಬೆಳಕಿಗೆ ಬಂದ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಇಷ್ಟು ವರ್ಷ ಕಾಲಬುಡದಲ್ಲಿ ಫೋನು ಕಾಯ್ದವನು. ಊರಿನ ಅರ್ಧ ಮಂದಿ ದಿನವೂ ನೀಲಿಮಾ ಅವನ ಮುಂದೆ ನಿಂತು ಕೈ ಮುಗಿಯುತ್ತಾಳೆ ಅಂದುಕೊಂಡಿದ್ದರು. ಅವಳು ಒಂದು ಸಲವೂ ಮುಗಿದಿರಲಿಲ್ಲ.

ಸೆರಗಿನಿಂದ ಪಟದ ಗಾಜು ಒರೆಸಿದಳು. ದಶಮಿಗೆ, ಏಕಾದಶಿಗೆ, ದಿಂಡಿಯ ನಂಬರಿಗೆ, ಕೆಸರು ದಾಟಿಸಿದ ಅಜ್ಜಿಗೆ, ಆ ಕೆಂಪು ಬಣ್ಣ ಬರುವಂತೆ ಮಾಡಿದ ಯಾವುದೋ ಊರಿನವರಿಗೆ, ಯಾರಿಗೆ ಎಷ್ಟು ಸಲ್ಲಬೇಕೋ ನೀನೇ ಹಂಚಿಕೋ ಎನ್ನುವವಳ ಹಾಗೆ ಸ್ವಲ್ಪ ಹೊತ್ತು ನಿಂತಳು. ಫೋನನ್ನು ಅವನ ಪಾದದ ಕೆಳಗಿನ ಪ್ಲಗ್ಗಿಗೆ ಹಚ್ಚಿದಳು. ಆಮೇಲೆ, ನೋಡುವವರು ಯಾರೂ ಇಲ್ಲದ ಆ ಖೋಲಿಯಲ್ಲಿ, ಎರಡೂ ಕೈ ಜೋಡಿಸಿ ಮುಗಿದಳು.